ಅಂಕೋರ್ ನೋಡಿ ಬಂದ ಮೇಲೆ ಬಳ್ಳಿಗಾವಿಯನ್ನು ಓದಿದ್ದು

ನಾನು ಶಿವಮೊಗ್ಗದವಳು. ಕಾಂಬೋಡಿಯಾದ ಹಳೆಯ ದೇವಾಲಯಗಳ ಜಾಗ ಅಂಕೋರ್ ನೋಡಿದ್ದೇನೆ, ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನೂ ನೋಡಿದ್ದೇನೆ. ಎರಡರಲ್ಲಿ ಯಾವುದು ಚೆಂದ ಅಂತ ಪರಿಚಯದವರು ಕೇಳುತ್ತಿರುತ್ತಾರೆ. ಚೆಂದದ ಮಾತಾದರೆ ಅಂಕೋರ್ ಮುಂದೆ ನಿಲ್ಲುವಂಥದ್ದು ಜಗತ್ತಿನಲ್ಲೇ ಕಡಿಮೆ. ಆದರೆ ಜಾಸ್ತಿ ಸಿಕ್ಕಿದ್ದು ಎಲ್ಲಿ ಅಂದರೆ ಬಳ್ಳಿಗಾವಿಯಲ್ಲೇ. ಅದು ಹೇಗೆ ಸಿಕ್ಕಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇರೆ ಜಿಲ್ಲೆಯವರಿಗೂ ಇದೇ ದಾರಿ ಆಗಿಬರುತ್ತದೆ.

ಅಂಕೋರ್‌ನಲ್ಲಿ 62 ಡಾಲರ್ ಕೊಟ್ಟು ಮೂರು ದಿನದ ಪಾಸ್ ತೆಗೆದುಕೊಂಡಿದ್ದೆ. ಅಂಕೋರ್ ವಾಟ್ 12ನೇ ಶತಮಾನದ ಮೊದಲರ್ಧದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ್ದು. ಪೂರ್ವದ ಗೋಡೆಯ ಮೇಲೆ ಸಮುದ್ರಮಥನ, ಪಶ್ಚಿಮದಲ್ಲಿ ಕುರುಕ್ಷೇತ್ರ. ಶರಶಯ್ಯೆಯ ಮೇಲಿದ್ದ ಭೀಷ್ಮನನ್ನು ಗೈಡ್ ತೋರಿಸುವ ಮೊದಲೇ ಗುರುತು ಹಿಡಿದೆ. ಅಷ್ಟು ದೂರದಲ್ಲಿ ನಮ್ಮ ಭೀಷ್ಮ! ಆ ಖುಷಿಯೇ ಬೇರೆ.

ತಾ ಪ್ರೋಮ್ ಅನ್ನುವ ಇನ್ನೊಂದು ದೇವಾಲಯದಲ್ಲಿ ಗೈಡ್ ಒಂದು ಶಾಸನದ ವಿಷಯ ಹೇಳಿದ. 1186ರದು, ಏಳನೇ ಜಯವರ್ಮನ ಕಾಲದ್ದು. ಆ ರಾಜನ ನಾಡಿನಲ್ಲಿ 102 ಆಸ್ಪತ್ರೆಗಳಿದ್ದವು ಎಂದು ಅದರಲ್ಲಿ ಬರೆದಿದೆಯಂತೆ. ನನ್ನ ತಲೆಯಲ್ಲಿ ಉಳಿದದ್ದು ಆ ಮಾತು. ಆದರೆ ಅಲ್ಲಿನ ಬಾಗಿಲುವಾಡಗಳ ಮೇಲೆ ಕೆತ್ತಿದ ಅಕ್ಷರಗಳ ಎದುರು ಎಷ್ಟು ಹೊತ್ತು ನಿಂತರೂ ಒಂದಕ್ಷರ ಓದಲು ಬರಲಿಲ್ಲ. ಗೈಡ್ ಹೇಳಿದಷ್ಟೇ ನನ್ನ ಪಾಲಿಗೆ. ಸಂಜೆ ಪಾಸ್ ಮುಗಿಯಿತು, ವಿಮಾನ ಹತ್ತಿ ಬಂದೆವು.

ಊರಿಗೆ ಬಂದ ಮೇಲೆ ಒಂದು ಯೋಚನೆ ಬಿಡಲಿಲ್ಲ. ಅದೇ ಕಾಲದಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತು? ಕಾಯಿಲೆ ಬಿದ್ದವರನ್ನು ಇಲ್ಲಿ ಯಾರು ನೋಡಿಕೊಳ್ಳುತ್ತಿದ್ದರು? ಇತಿಹಾಸದ ಮೇಷ್ಟ್ರೊಬ್ಬರನ್ನು ಕೇಳಿದೆ. ಅವರು ಎಪಿಗ್ರಾಫಿಯಾ ಕರ್ನಾಟಿಕಾ ನೋಡಮ್ಮ ಅಂದರು. ಬಿ. ಎಲ್. ರೈಸ್ ಅವರು ಹಳೇ ಮೈಸೂರು ಸಂಸ್ಥಾನದ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ ಸಂಪುಟಗಳು ಅವು. ಶಿವಮೊಗ್ಗ ಜಿಲ್ಲೆಗೆ 7 ಮತ್ತು 8ನೇ ಸಂಪುಟ. ಶಿಕಾರಿಪುರ 7ರಲ್ಲಿದೆ, ಸೊರಬ, ಸಾಗರ, ತೀರ್ಥಹಳ್ಳಿ 8ರಲ್ಲಿವೆ. ನೂರು ವರ್ಷಕ್ಕಿಂತ ಹಳೆಯ ಪುಸ್ತಕ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕನ್ನಡ ಲಿಪಿಯಲ್ಲಿ ಪೂರ್ತಿ ಪಾಠ, ಜೊತೆಗೆ ಇಂಗ್ಲಿಷ್ ಅನುವಾದ. ಫೋನಿಗೆ ಇಳಿಸಿಕೊಂಡೆ.

ಬಳ್ಳಿಗಾವಿಯ ಪುಟಗಳನ್ನು ತಿರುವುತ್ತಾ ಹೋದಾಗ 102ನೇ ನಂಬರಿನ ಶಾಸನ ಸಿಕ್ಕಿತು. 1162ರದು, ಕಳಚುರಿ ಬಿಜ್ಜಳನ ಕಾಲ. ಕೇದಾರೇಶ್ವರ ದೇವಸ್ಥಾನದ ಕೋಡಿಮಠದ ವರ್ಣನೆ ಅದರಲ್ಲಿದೆ. ನಾಲ್ಕು ವೇದಗಳನ್ನು ಓದುವ ಜಾಗ, ವ್ಯಾಕರಣಗಳನ್ನು ಕಲಿಸುವ ಜಾಗ ಅಂತ ಹೇಳುತ್ತದೆ. ಆಮೇಲೆ ಊಟದ ವಿಷಯ. ದಿಕ್ಕಿಲ್ಲದವರು, ನಡೆಯಲಾಗದವರು, ಕಣ್ಣು ಕಾಣದವರು, ಕಿವಿ ಕೇಳದವರು, ಕತೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಜೈನ ಸನ್ಯಾಸಿಗಳು, ಬೇರೆ ಬೇರೆ ದೇಶದ ಭಿಕ್ಷುಕರು, ಎಲ್ಲರಿಗೂ ಅಡ್ಡಿಯಿಲ್ಲದೆ ಅನ್ನ ಇಕ್ಕುವ ಜಾಗ ಇದು ಎನ್ನುತ್ತದೆ. ಅದರ ಮುಂದೆಯೇ ರೋಗಿಗಳಿಗೆ ಔಷಧಿ ಕೊಡುವ ಜಾಗ ಎಂದಿದೆ.

ಶೈವ ಮಠವೊಂದರ ಪಂಕ್ತಿಯಲ್ಲಿ ಜೈನ ಸನ್ಯಾಸಿಗೂ ಜಾಗವಿತ್ತು, ನೋಡಿ. ತಾ ಪ್ರೋಮ್ ಶಾಸನಕ್ಕಿಂತ ಇದು 24 ವರ್ಷ ಹಳೆಯದು. ನಮ್ಮ ಮನೆಯಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ವಾಪಸ್ ಬರುವಷ್ಟು ಹತ್ತಿರ. ಯಾರು ಹೆಚ್ಚು ಅನ್ನುವ ಲೆಕ್ಕಕ್ಕೆ ಇದನ್ನು ಹೇಳುತ್ತಿಲ್ಲ. ಎರಡೂ ಕಡೆ ಆ ಕಾಲದ ಜನ ಕಾಯಿಲೆಯವರ ಬಗ್ಗೆ ಕಲ್ಲಿನಲ್ಲಿ ಬರೆಸಿಡುವಷ್ಟು ಯೋಚಿಸಿದ್ದರು. ಅಲ್ಲಿ ಗೈಡ್ ಬಾಯಲ್ಲಿ ಕೇಳಿದ್ದನ್ನು ಇಲ್ಲಿ ನನ್ನ ಭಾಷೆಯಲ್ಲಿ ನಾನೇ ಓದಿದೆ.

ಹಳಗನ್ನಡ ಓದುವುದು ಕಷ್ಟ ಅಂತ ಹೆದರಬೇಡಿ. 12ನೇ ಶತಮಾನದ ಅಕ್ಷರಗಳು ದುಂಡಗಿವೆ, ಇವತ್ತಿನ ಅಕ್ಷರಗಳಿಗೆ ಹತ್ತಿರ. ಮೊದಲು ಮನೆಯಲ್ಲಿ ಮುದ್ರಿತ ಪಾಠವನ್ನು ಓದಿಕೊಂಡು ಹೋಗುತ್ತೇನೆ. ಕಲ್ಲಿನ ಹತ್ತಿರ ನಿಂತು ಸ್ವಸ್ತಿ, ಶ್ರೀಮತ್ ಇಂಥ ಪರಿಚಯದ ಪದ ಹುಡುಕುತ್ತೇನೆ. ಅದು ಸಿಕ್ಕರೆ ಅಲ್ಲಿಂದ ಒಂದೊಂದೇ ಅಕ್ಷರ ಕೈಗೆ ಬರುತ್ತದೆ.

ಬೆಳಕಿನ ವಿಷಯ ಮುಖ್ಯ. ನಡುಮಧ್ಯಾಹ್ನ ಹೋದರೆ ಕಲ್ಲು ಬರೀ ಸಪಾಟಾಗಿ ಕಾಣುತ್ತದೆ, ಏನೂ ಓದಲಾಗುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಗೆರೆಯಲ್ಲಿ ನೆರಳು ತುಂಬಿಕೊಂಡು ಎದ್ದು ಕಾಣುತ್ತದೆ. ಒಳಗಡೆ ಕತ್ತಲಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೇ ಹಿಡಿಯಬೇಕು, ಎದುರಿನಿಂದ ಅಲ್ಲ. ಇಬ್ಬರಿದ್ದರೆ ಒಬ್ಬರು ಹೊರಗೆ ನಿಂತು ಮನೆಯ ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಬಹುದು. ಸುಣ್ಣ, ಸೀಮೆಸುಣ್ಣ, ಹಿಟ್ಟು ಯಾವುದನ್ನೂ ಕಲ್ಲಿಗೆ ಉಜ್ಜಬೇಡಿ, ದಯವಿಟ್ಟು. ಎಂಟುನೂರು ವರ್ಷ ಉಳಿದು ಬಂದ ಕಲ್ಲು ಅದು.

ಬಳ್ಳಿಗಾವಿಯಿಂದ ತಾಳಗುಂದ ಹತ್ತಿರವೇ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದಲ್ಲಿ ಕದಂಬರ ಸಂಸ್ಕೃತ ಶಾಸನವಿದೆ, ಬರೆದವನು ಕುಬ್ಜ ಅನ್ನುವ ಕವಿ. ಮಯೂರಶರ್ಮ ಅಜ್ಜನ ಜೊತೆ ಕಂಚಿಗೆ ಓದಲು ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ಎಲ್ಲ ನಮಗೆ ಗೊತ್ತಾದದ್ದು ಈ ಕಂಬದಿಂದ. ಅಕ್ಷರದ ತಲೆಕಟ್ಟುಗಳು ಪುಟ್ಟ ಪೆಟ್ಟಿಗೆಗಳಂತಿವೆ. ಇದನ್ನು ಓದಲು ನನಗೆ ಇನ್ನೂ ಬರುವುದಿಲ್ಲ, ಕಲಿಯುತ್ತಿದ್ದೇನೆ. ನನಗೆ ತುಂಬ ಹಿಡಿಸಿದ್ದು ಅದು ಮುಗಿಯುವ ರೀತಿ. ಒಂದು ರಾಜವಂಶ ಹುಟ್ಟಿದ ಕತೆಯನ್ನೆಲ್ಲ ಹೇಳಿ, ಕದಂಬರ ರಾಜ ಕಾಕುಸ್ಥವರ್ಮ ದೇವಸ್ಥಾನದ ಹತ್ತಿರ ಕೆರೆ ಕಟ್ಟಿಸಿದ ವಿಷಯಕ್ಕೆ ಬರುತ್ತದೆ. ಇಷ್ಟೆಲ್ಲ ಬರೆಸಿದ್ದು ಒಂದು ಕೆರೆಯ ಸಲುವಾಗಿ.

ಶಾಸನಕ್ಕಿಂತ ಸುಲಭವಾದದ್ದು ವೀರಗಲ್ಲು. ಶಿಕಾರಿಪುರ, ಸೊರಬದ ಕಡೆ ಊರೂರಲ್ಲೂ ಸಿಗುತ್ತವೆ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕೂತಿರುವುದು. ತುದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಪಟ್ಟಿಯಲ್ಲಿ ದನಗಳಿದ್ದರೆ ಅದು ತುರುಗೋಳಿನ ಕಲ್ಲು. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನದು.

ಒಂದು ಹಳ್ಳಿಯಲ್ಲಿ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಇಂಥದ್ದೊಂದು ಕಲ್ಲಿತ್ತು. ನಾನು ಕೂತು ನೋಡುತ್ತಿದ್ದಾಗ ಹೊಲದಲ್ಲಿದ್ದ ಅಜ್ಜಿ ಹತ್ತಿರ ಬಂದರು.

‘ಯಾವೂರವ್ವ ನಿಂದು?’

‘ಶಿವಮೊಗ್ಗ ಅಜ್ಜಿ. ಈ ಕಲ್ಲು ನೋಡೋಕೆ ಬಂದೆ.’

‘ದನಕ್ಕೆ ಹುಷಾರಿಲ್ಲ ಅಂದ್ರೆ ಇದಕ್ಕೆ ನೀರು ಹಾಕ್ತೀವಿ ಕಣವ್ವ. ನಮ್ಮತ್ತೆನೂ ಹಾಕ್ತಿದ್ರು.’

ಕಲ್ಲಿನ ಕೆಳಗಡೆ ಕೆತ್ತಿದ ದನಗಳನ್ನು ತೋರಿಸಿದೆ. ಪಾಚಿ ಕಟ್ಟಿತ್ತು, ಆದರೂ ಕೊಂಬುಗಳು ಕಾಣುತ್ತಿದ್ದವು. ಅಜ್ಜಿ ಬಗ್ಗಿ ಬೆರಳಾಡಿಸಿ ನೋಡಿದರು. ದನಕ್ಕಾಗಿ ಸತ್ತವನ ಕಲ್ಲಿಗೆ ಆ ಊರಿನವರು ಇವತ್ತಿಗೂ ದನಕ್ಕಾಗಿ ನೀರು ಹಾಕುತ್ತಿದ್ದಾರೆ. ಇದು ಯಾವ ಪುಸ್ತಕದಿಂದಲೂ ನನಗೆ ಗೊತ್ತಾಗುತ್ತಿರಲಿಲ್ಲ. ಅಂಕೋರ್ ಪಕ್ಕದ ಹಳ್ಳಿಗಳಲ್ಲೂ ಇಂಥ ಅಜ್ಜಿಯರು ಖಂಡಿತ ಇರುತ್ತಾರೆ. ಅವರ ಮಾತು ನನಗೆ ಬರುವುದಿಲ್ಲ, ಅಷ್ಟೇ.

ಹಾಗಂತ ವಿದೇಶಕ್ಕೆ ಹೋಗಲೇಬೇಡಿ ಅನ್ನುವುದಿಲ್ಲ. ತಾ ಪ್ರೋಮ್‌ನಲ್ಲಿ ಆ ಆಸ್ಪತ್ರೆಗಳ ಮಾತು ಕಿವಿಗೆ ಬೀಳದೆ ಇದ್ದಿದ್ದರೆ ನಾನು ಬಳ್ಳಿಗಾವಿಯ ಪುಟಗಳನ್ನು ತೆಗೆಯುತ್ತಲೇ ಇರಲಿಲ್ಲವೇನೋ. ಆದರೆ ದೂರದ ಊರಿಗೆ ಹೆಚ್ಚಿನವರು ಹೋಗುವುದು ಒಂದೇ ಸಲ. ನಮ್ಮ ತಾಲ್ಲೂಕಿಗೆ ಮತ್ತೆ ಮತ್ತೆ ಹೋಗಬಹುದು. ಕಳೆದ ಸಲ ಅರ್ಥವಾಗದ ಸಾಲು ಈ ಸಲ ಅರ್ಥವಾಗುತ್ತದೆ. ಬಂದಳಿಕೆ, ಬನವಾಸಿ, ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಎಲ್ಲ ಇದೇ ಸುತ್ತಿನಲ್ಲಿವೆ. ರಜೆ ಕೇಳಬೇಕಿಲ್ಲ, ಒಂದು ಭಾನುವಾರ ಸಾಕು.

ಬಳ್ಳಿಗಾವಿಗೆ ಬರುವವರು ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಬಂದು ಅಲ್ಲಿಂದ ಆಟೋ ಹಿಡಿಯಬಹುದು. ಬುತ್ತಿ, ನೀರು ಜೊತೆಗಿರಲಿ. ಬೆಂಗಳೂರಿನವರಾದರೆ ರೈಸ್ ಅವರ 9ನೇ ಸಂಪುಟ ತೆಗೆಯಿರಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಬೆಂಗಳೂರಿನ ಹೆಸರಿರುವ, ಸುಮಾರು 890ರ ವೀರಗಲ್ಲು ಶಾಸನವಿದೆ. ಅಲ್ಲಿಂದಲೇ ಶುರು ಮಾಡಬಹುದು.