ಮಜ್ಜಿಗೆಯಾದ ಗೇರ್ ಎಣ್ಣೆ

ದೋಣಿಯ ಗೇರ್ ಪೆಟ್ಟಿಗೆಯ ಕೆಳಗಿನ ಪ್ಲಗ್ ಬಿಚ್ಚಿದಾಗ ಮೊದಲು ಅರ್ಧ ಲೋಟದಷ್ಟು ಬರೀ ನೀರು ಬಂತು. ಅದರ ಬೆನ್ನಿಗೇ ಬೆಲ್ಲ ಕದಡಿದ ಮಜ್ಜಿಗೆಯ ಬಣ್ಣದ ಎಣ್ಣೆ ಎಳೆಎಳೆಯಾಗಿ ಇಳಿಯಿತು. ನನ್ನ ಎದೆ ಧಸಕ್ಕೆಂದಿತು. ನೀರು ಒಳಗೆ ಬಾರದಂತೆ ತಡೆಯುವ ಸೀಲನ್ನು ಹಿಂದಿನ ವರ್ಷವಷ್ಟೇ ನನ್ನ ಕೈಯಾರೆ ಬದಲಿಸಿದ್ದೆ.

ಕೊಲ್ಹಾರದ ಬಳಿ ಆಲಮಟ್ಟಿ ಹಿನ್ನೀರಿನಲ್ಲಿ ನಾವು ನಾಲ್ವರು ಗೆಳೆಯರು ಕೂಡಿ ಒಂದು ಹಳೆಯ ದೋಣಿ ಇಟ್ಟುಕೊಂಡಿದ್ದೇವೆ. ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದ ತನ್ನ ಪೂರ್ಣ ಮಟ್ಟಕ್ಕೆ ತುಂಬಿದಾಗ ಕೃಷ್ಣೆ ಅಲ್ಲಿ ಸಮುದ್ರದಂತೆ ಕಾಣುತ್ತಾಳೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮೇಲೆ ದೋಣಿಯನ್ನು ಟ್ರೇಲರ್ ಮೇಲೆ ಎಳೆದು ತಂದು ರಿಪೇರಿ ಮಾಡುತ್ತೇನೆ. ಪಂಪ್‌ಸೆಟ್ ರಿಪೇರಿಯೇ ನನ್ನ ಕಸುಬು, ಹಾಗಾಗಿ ಸೀಲು ಬೇರಿಂಗು ನನಗೆ ಹೊಸದಲ್ಲ. ಆದರೆ ಸ್ಟರ್ನ್‌ಡ್ರೈವ್‌ನ ರೀತಿಯೇ ಬೇರೆ. ಎಂಜಿನ್ ದೋಣಿಯ ಒಳಗೆ ಹಿಂಬದಿಯಲ್ಲಿ ಕೂತಿರುತ್ತದೆ. ಗೇರು, ಪ್ರೊಪೆಲ್ಲರ್ ಇರುವ ಕಾಲಿನಂಥ ಭಾಗ, ಅಂದರೆ ಡ್ರೈವ್, ಹೊರಗೆ ಸದಾ ನೀರಿನಲ್ಲಿರುತ್ತದೆ. ಓಡುವಾಗ ಎಣ್ಣೆ ಕಾದು ಹಿಗ್ಗುತ್ತದೆ. ನಿಲ್ಲಿಸಿದ ಮೇಲೆ ತಣಿದು ಕುಗ್ಗುವಾಗ, ಸವೆದ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ದೋಣಿ ಓಡುತ್ತಲೇ ಇರುತ್ತದೆ, ಒಳಗೆ ಗೇರು ತುಕ್ಕು ಹಿಡಿಯುತ್ತಿರುತ್ತದೆ.

ಹಿಂದಿನ ಸಲ ಎಣ್ಣೆ ಬಿಳುಪಾದದ್ದನ್ನು ನೋಡಿದೊಡನೆ ಸೀಲು ಕಿತ್ತು ಹೊಸದು ಹಾಕಿದ್ದೆ, ಎಲ್ಲಿ ಸೋರುತ್ತಿದೆ ಎಂದು ಹುಡುಕಿರಲಿಲ್ಲ. ಈ ಸಲ ಆ ತಪ್ಪು ಮಾಡಲಿಲ್ಲ. ಡ್ರೈವನ್ನು ದೋಣಿಯಿಂದ ಬಿಚ್ಚಿ, ಎಣ್ಣೆ ಪೂರ್ತಿ ಬಸಿದು, ಪ್ಲಗ್ಗಿನ ತೂತಿಗೆ ಗಾಳಿಯ ಮೀಟರ್ ಜೋಡಿಸಿ ಸೈಕಲ್ ಪಂಪಿನಿಂದ 10 ಪಿಎಸ್‌ಐ ಒತ್ತಡ ಕೊಟ್ಟೆ. ಮುಳ್ಳು ಕದಲಲಿಲ್ಲ. ಸೀಲು ಗಟ್ಟಿಯಾಗಿದೆ ಎಂದುಕೊಂಡು ಅಲ್ಲಿಗೇ ಬಿಟ್ಟಿದ್ದರೆ ಮೋಸಹೋಗುತ್ತಿದ್ದೆ. ಮೇಲಿನ ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಮುಳ್ಳು ಇಳಿಯತೊಡಗಿತು. ಸೋಪಿನ ನೀರು ಚಿಮುಕಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಶಾಫ್ಟು ಒಂದೇ ಜಾಗಕ್ಕೆ ಬಂದಾಗಲೆಲ್ಲ ಎದ್ದವು. ಗೇರ್ ಹಾಕುವ ಶಾಫ್ಟಿನ ಸೀಲು, ಮೇಲಿನ ಸೀಲು ಎರಡರಲ್ಲೂ ಗುಳ್ಳೆ ಏಳಲಿಲ್ಲ.

ಪ್ರೊಪೆಲ್ಲರ್ ಬಿಚ್ಚಿದೆ. ಅದರ ಹಿಂದಿನ ದಪ್ಪ ವಾಷರನ್ನು ಸರಿಸಿದಾಗ ಅಸಲು ಕಾರಣ ಸಿಕ್ಕಿತು. ಮೀನಿನ ಬಲೆಯ ನೈಲಾನ್ ದಾರ ಶಾಫ್ಟಿಗೆ ಬಿಗಿಯಾಗಿ ಸುತ್ತಿ, ಕಾವಿಗೆ ಕರಗಿ ಗಾಜಿನ ಬಳೆಯಂತಾಗಿತ್ತು. ಒಂದು ಎಳೆ ಸೀಲಿನ ತುಟಿಯ, ಅಂದರೆ ಶಾಫ್ಟನ್ನು ಒತ್ತಿ ಹಿಡಿಯುವ ಅಂಚಿನ, ಒಳಕ್ಕೇ ನುಗ್ಗಿತ್ತು. ಹಿನ್ನೀರಿನ ತುಂಬ ಬಲೆಗಳಿವೆ. ಅದು ಮೀನುಗಾರರ ಅನ್ನ, ಬಲೆಯ ಗುರುತು ಕಂಡಾಗ ದೂರ ಸರಿದು ಹೋಗಬೇಕಾದವರು ನಾವು.

ದಾರ ಬಿಡಿಸಿ, ಬೇರಿಂಗು ಸೀಲುಗಳು ಕೂರುವ ಕವಚವಾದ ಬೇರಿಂಗ್ ಕ್ಯಾರಿಯರನ್ನು ಹೊರತೆಗೆದು, ಶಾಫ್ಟನ್ನು ಒರೆಸಿ ಉಗುರು ಆಡಿಸಿದೆ. ಸೀಲು ಕೂರುವ ಜಾಗದಲ್ಲಿ ಉಗುರು ತಡೆಯಿತು. ಕಣ್ಣಿಗೆ ಬರೀ ಹೊಳಪಿನ ಗೆರೆ, ಉಗುರಿಗೆ ಸ್ಪಷ್ಟ ಕಾಲುವೆ. ಹಿಂದಿನ ವರ್ಷ ಹಾಕಿದ್ದ ಹೊಸ ಸೀಲಿನ ತುಟಿ ಇದೇ ಕಾಲುವೆಯಲ್ಲಿ ಕೂತಿತ್ತು, ಸೋರದೆ ಇನ್ನೇನು ಮಾಡೀತು? ಇಂಥ ಕಡೆ ಹಾಕಲೆಂದೇ ಶಾಫ್ಟಿನ ಮೇಲೆ ತೊಡಿಸುವ, ಕಾಗದದಷ್ಟು ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ತೋಳು (ಸ್ಲೀವ್) ಸಿಗುತ್ತದೆ. ಶಾಫ್ಟಿನ ಅಳತೆಯನ್ನು ಮೈಕ್ರೋಮೀಟರಿನಲ್ಲಿ ಹಿಡಿದು ತರಿಸಿಕೊಂಡು, ಕಾಲುವೆ ಪೂರ್ತಿ ಮುಚ್ಚುವಂತೆ ಸಮವಾಗಿ ಬಡಿದು ಕೂರಿಸಿದೆ.

ಕ್ಯಾರಿಯರನ್ನು ಹಿಡಿದಿರುವ ಉಂಗುರದ ನಟ್ಟಿಗೆ ಸಾಮಾನ್ಯ ಪಾನಾ ಹಿಡಿಯುವುದಿಲ್ಲ. ಬಾಗಲಕೋಟೆಯ ಲೇತ್ ಅಂಗಡಿಯಲ್ಲಿ ಕಬ್ಬಿಣದ ಪೈಪಿಗೆ ಹಲ್ಲು ಕೊರೆಸಿ ಪಾನಾ ಮಾಡಿಸಿಕೊಂಡಿದ್ದೆ. ಕ್ಯಾರಿಯರಿನಲ್ಲಿ ಎರಡು ಸೀಲುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಒಳಗಿನದರ ತುಟಿ ಎಣ್ಣೆಯ ಕಡೆಗೆ, ಹೊರಗಿನದರ ತುಟಿ ನೀರಿನ ಕಡೆಗೆ. ಒಂದು ಎಣ್ಣೆಯನ್ನು ಹೊರಬಿಡುವುದಿಲ್ಲ, ಇನ್ನೊಂದು ನೀರನ್ನು ಒಳಬಿಡುವುದಿಲ್ಲ. ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿದರೆ ಒಂದು ಕಾವಲು ತಪ್ಪಿದಂತೆಯೇ. ತುಟಿಗಳ ನಡುವೆ ನೀರಿಗೆ ಕರಗದ ಗ್ರೀಸ್ ತುಂಬಿ, ಕ್ಯಾರಿಯರಿನ ರಬ್ಬರ್ ಉಂಗುರವಾದ ಓ-ರಿಂಗನ್ನೂ ಹೊಸದು ಹಾಕಿದೆ.

ಮತ್ತೆ ಗಾಳಿ ತುಂಬಿದೆ. ಶಾಫ್ಟು ತಿರುಗಿಸಿದೆ, ಅಲುಗಾಡಿಸಿದೆ. ಮುಳ್ಳು 10ರಲ್ಲೇ ನಿಂತಿತು. ಆಮೇಲೆ ಎಣ್ಣೆ: ಕೆಳಗಿನ ತೂತಿನಿಂದ ಪಂಪಿನಲ್ಲಿ ಏರಿಸಬೇಕು, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬರುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೊದಲು ಮೇಲಿನ ಪ್ಲಗ್ ಬಿಗಿದು, ನಂತರ ಪಂಪ್ ತೆಗೆದು ಕೆಳಗಿನದನ್ನು ಚಟಕ್ಕನೆ ಹಾಕಿದೆ. ಎರಡೂ ಪ್ಲಗ್ಗಿಗೆ ಹೊಸ ವಾಷರ್. ಎರಡು ರೂಪಾಯಿಯ ವಾಷರಿನಿಂದ ಹಾಳಾದ ಗೇರುಗಳನ್ನು ನಾನು ಕಂಡಿದ್ದೇನೆ.

ಮಳೆಗಾಲ ಕಳೆದು ಹಿನ್ನೀರು ತುಂಬಿದ ಮೇಲೆ ಹತ್ತು ಗಂಟೆ ಓಡಿಸಿ, ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ದೋಣಿಯನ್ನು ಟ್ರೇಲರಿಗೆ ಎಳೆದು ಕೆಳಗಿನ ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿದೆ. ಬೆರಳಿಗೆ ಇಳಿದ ಹನಿ ಜೇನಿನಂತೆ ತಿಳಿಯಾಗಿತ್ತು.