“ಮನೆಗೆ ಹೇಳ್ತೀರಾ?” ಅಂತ ಮಗು ಕೇಳಿದಾಗ

ಮಕ್ಕಳ ಸಹಾಯವಾಣಿಯ ಫೋನ್ ಎತ್ತುವವರಿಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ. ಮನೆ ಬಿಟ್ಟು ಬಂದ ಹದಿನಾಲ್ಕು, ಹದಿನಾರರ ಮಕ್ಕಳು ಬೇರೆ ಏನು ಕೇಳದಿದ್ದರೂ ಇದನ್ನು ಕೇಳೇ ಕೇಳುತ್ತಾರೆ. ರಾಯಚೂರಿನ ಕಡೆಯ ಹುಡುಗನಾದರೆ “ಮನಿಗೆ ಹೇಳ್ತೀರೇನ್ರೀ ಅಕ್ಕಾರ?” ಅನ್ನುತ್ತಾನೆ. ನಾವು ಏನು ಉತ್ತರ ಕೊಡುತ್ತೇವೆ ಅನ್ನುವುದರ ಮೇಲೆ ಆ ಮಗು ಮಾತು ಮುಂದುವರಿಸುತ್ತದೆ, ಇಲ್ಲವೇ ಫೋನ್ ಇಡುತ್ತದೆ. ನಾನು ಆ ಉತ್ತರವನ್ನು ಹೇಗೆ ಕೊಡುತ್ತಿದ್ದೆ ಅಂತ ಇಲ್ಲಿ ಬರೆದಿದ್ದೇನೆ. ಯಾವ ಮಗುವಿನ ಗುರುತೂ ಸಿಗಬಾರದು ಅಂತ ವಿವರಗಳನ್ನು ಬದಲಿಸಿದ್ದೇನೆ.

ನಾನು ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ, 1098ಕ್ಕೆ ಬರುವ ಕರೆಗಳ ಹಿಂದೆ ಸ್ವಯಂಸೇವಾ ಸಂಸ್ಥೆಗಳು ಓಡಾಡುತ್ತಿದ್ದ ಕಾಲದಲ್ಲಿ. ಈ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಜೆರೂ ಬಿಲಿಮೋರಿಯಾ ಅವರು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಬೀದಿ ಮಕ್ಕಳಿಗಾಗಿ ಕಟ್ಟಿದ್ದು. ಓದಲು ಬಾರದ ಮಗುವಿಗೂ ಬಾಯಲ್ಲಿ ನಿಲ್ಲಲಿ ಅಂತ ಹತ್ತು, ಒಂಬತ್ತು, ಎಂಟು. 2023ರಿಂದ ಇದನ್ನು ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯೇ ನಡೆಸುತ್ತಿದೆ, ತುರ್ತು ಸಹಾಯದ ನಂಬರ್ 112ರ ಜೊತೆ ಜೋಡಿಸಿದ್ದಾರೆ. ನಂಬರ್ ಮಾತ್ರ ಅದೇ. ಮಗುವಿನ ಜೊತೆ ಮಾತಾಡುವ ಕೆಲಸವೂ ಅದೇ.

ಎಷ್ಟೋ ಕರೆಗಳಲ್ಲಿ ಮಾತೇ ಇರುವುದಿಲ್ಲ. ಉಸಿರಾಟ ಕೇಳುತ್ತದೆ, ಹಿಂದೆ ಬಸ್ಸಿನ ಹಾರ್ನ್, ರೈಲಿನ ಅನೌನ್ಸ್‌ಮೆಂಟ್. ಹೊಸದಾಗಿ ಸೇರಿದವರು ಇದನ್ನು ತಮಾಷೆಯ ಕರೆ ಅಂದುಕೊಂಡು ಬೇಗ ಇಟ್ಟುಬಿಡುತ್ತಾರೆ. ನಾನು ಇಡುತ್ತಿರಲಿಲ್ಲ. “ಮಾತಾಡೋಕೆ ಆಗದಿದ್ರೆ ಪರವಾಗಿಲ್ಲ, ನಾನು ಇಲ್ಲೇ ಇರ್ತೀನಿ” ಅಂತ ಹೇಳಿ ಸುಮ್ನೆ ಕಾಯುತ್ತಿದ್ದೆ. ಎರಡು ಸಲ ಕಟ್ ಮಾಡಿ ಮೂರನೇ ಸಲ ಮಾತಾಡುವ ಮಕ್ಕಳು ಜಾಸ್ತಿ. ಎತ್ತಿದವರ ದನಿ ಹೇಗಿದೆ ಅಂತ ಅವರು ಮೊದಲು ನೋಡುತ್ತಾರೆ.

ಮಾತು ಶುರುವಾದ ಮೇಲೂ “ಯಾಕೆ ಮನೆ ಬಿಟ್ಟೆ?” ಅಂತ ನಾನು ಕೇಳುವುದಿಲ್ಲ. ಆ ಪ್ರಶ್ನೆಯಲ್ಲೇ ಬೈಗುಳ ಇದೆ. ಊಟ ಆಯ್ತಾ, ಈಗ ಪಕ್ಕದಲ್ಲಿ ಯಾರಿದ್ದಾರೆ, ಕೂತ ಜಾಗದಲ್ಲಿ ಬೆಳಕಿದೆಯಾ, ಮೈಗೆ ಏನಾದರೂ ಪೆಟ್ಟಾಗಿದೆಯಾ ಅಂತ ಕೇಳುತ್ತೇನೆ. ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದು ತುಂಬ ಮುಖ್ಯ. ಕಲಬುರಗಿ, ರಾಯಚೂರು ಕಡೆಯ ರೈಲುಗಳಲ್ಲಿ ಬೆಳಗ್ಗೆ ಬಂದು ಇಳಿಯುವ ಹುಡುಗರನ್ನು ಮೆಜೆಸ್ಟಿಕ್ಕಿನಲ್ಲಿ ಮೊದಲು ಮಾತಾಡಿಸುವವರು ಯಾವಾಗಲೂ ಒಳ್ಳೆಯವರೇ ಆಗಿರುವುದಿಲ್ಲ. ಹೋಟೆಲ್ ಕೆಲಸ ಕೊಡಿಸ್ತೀನಿ, ಮಲಗೋಕೆ ಜಾಗ ಇದೆ ಅಂತ ಕರೆದುಕೊಂಡು ಹೋಗುವವರು ಇದ್ದಾರೆ. “ಒಬ್ಬ ಅಣ್ಣ ತಿಂಡಿ ಕೊಡಿಸಿದಾನೆ” ಅಂದ ಕೂಡಲೇ ನಾನು ಪಕ್ಕದವರಿಗೆ ಸನ್ನೆ ಮಾಡುತ್ತಿದ್ದೆ. ಅವರು ಇನ್ನೊಂದು ಫೋನಿನಲ್ಲಿ ರೈಲ್ವೆ ರಕ್ಷಣಾ ಪಡೆಗೆ ತಿಳಿಸುತ್ತಿದ್ದರು. ನಾನು ಹುಡುಗನ ಜೊತೆ ಮಾತು ನಿಲ್ಲಿಸುತ್ತಿರಲಿಲ್ಲ. ಯಾರಿಗೆ ತಿಳಿಸಿದ್ದೇವೆ, ಯಾರು ಬರ್ತಾರೆ ಅಂತ ಅವನಿಗೂ ಹೇಳುತ್ತಿದ್ದೆ.

ಇಷ್ಟಾಗುವ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ. ಆಗ “ಇಲ್ಲ, ಹೇಳಲ್ಲ” ಅನ್ನುವ ಆಸೆ ಯಾರಿಗಾದರೂ ಆಗುತ್ತದೆ. ಹಾಗೆ ಅಂದರೆ ಮಗು ತಕ್ಷಣ ಸಮಾಧಾನ ಆಗುತ್ತದೆ, ಎಲ್ಲಿದ್ದೇನೆ ಅಂತ ಹೇಳಿಬಿಡುತ್ತದೆ. ಆದರೆ ಅದು ಸುಳ್ಳು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ, ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು. ಸಮಿತಿ ಮನೆಯವರನ್ನು ಹುಡುಕಿ ಮಾತಾಡಿಸುತ್ತದೆ. ಒಂದು ಸಲ ಮೋಸಹೋದ ಮಗು ಮತ್ತೆ ಮನೆ ಬಿಟ್ಟಾಗ ನಮಗೆ ಫೋನ್ ಮಾಡುವುದಿಲ್ಲ, ಅದೇ ನನ್ನ ಭಯ.

ನಾನು ಹೇಳುತ್ತಿದ್ದದ್ದು ಹೆಚ್ಚು ಕಡಿಮೆ ಹೀಗೆ. “ನಿನಗೆ ಸುಳ್ಳು ಹೇಳಲ್ಲ ಪುಟ್ಟಾ. ಮನೆಯವರಿಗೆ ವಿಷಯ ಗೊತ್ತಾಗುತ್ತೆ. ಆದ್ರೆ ಇವತ್ತೇ ನಿನ್ನನ್ನ ಅವರ ಕೈಗೆ ಒಪ್ಪಿಸಿ ಹೋಗಲ್ಲ. ಮೊದಲು ಸಮಿತಿಯವರು ನಿನ್ನ ಮಾತು ಕೇಳ್ತಾರೆ. ಮನೇಲಿ ಏನಾಯ್ತು ಅಂತ ನೀನು ಅವರಿಗೆ ಹೇಳಬಹುದು. ಮನೆ ನಿನಗೆ ಸುರಕ್ಷಿತ ಅಲ್ಲ ಅಂತ ಕಂಡರೆ ಬೇರೆ ಕಡೆ ಇರೋ ವ್ಯವಸ್ಥೆ ಮಾಡ್ತಾರೆ.” ಇಷ್ಟು ಕೇಳಿ ಫೋನ್ ಇಟ್ಟವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಅವರಲ್ಲಿ ಕೆಲವರು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫೋನ್ ಮಾಡಿ “ಅದೇ ಅಕ್ಕ ಇದಾರಾ?” ಅಂತ ಕೇಳುತ್ತಿದ್ದರು.

ಮನೆಯೇ ಅಪಾಯ ಆಗಿರುವ ಮಕ್ಕಳಿಗೆ ಈ ಮಾತು ಇನ್ನೂ ನಿಧಾನವಾಗಿ ಹೇಳಬೇಕು. ಮದುವೆ ಗೊತ್ತು ಮಾಡಿದ್ದಾರೆ ಅಂತ ಹೊಲದ ಕಡೆಯಿಂದ ಗೆಳತಿಯ ಫೋನಿನಲ್ಲಿ ಮಾತಾಡುವ ಹುಡುಗಿಗೆ “ಮನೆಯವರ ಜೊತೆ ಕೂತು ಮಾತಾಡೋಣ” ಅಂದರೆ ಅವಳ ಎದೆ ಒಡೆಯುತ್ತದೆ. ಬಾಲ್ಯವಿವಾಹ ತಡೆಯಲು 2006ರ ಕಾಯ್ದೆ ಇದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಇದನ್ನು ಅವಳಿಗೆ ಅರ್ಥ ಆಗುವ ಹಾಗೆ ಹೇಳುತ್ತಿದ್ದೆ: “ಅವರು ಮಾಡಿದ್ರೂ ಅದು ಕಾನೂನಿನ ಲೆಕ್ಕದಲ್ಲಿ ಮದುವೆ ಅಲ್ಲ. ನೀನು ಓಡಿ ಹೋಗೋದು ಬೇಡ, ಮದುವೆ ನಿಲ್ಲಿಸೋಕೆ ನಾವೇ ಬರ್ತೀವಿ.” ರಾತ್ರಿ ಬಸ್ಸು ಹತ್ತಬೇಕಿದ್ದ ಹುಡುಗಿ ಇದರಿಂದ ನಿಂತಿದ್ದುಂಟು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಾಗ ಮಾತ್ರ, ಮಗು ಪೂರ್ತಿ ಹೇಳುವ ಮೊದಲೇ, ಪೋಕ್ಸೋ ಕಾಯ್ದೆಯಡಿ ನಾನು ಇದನ್ನು ತಿಳಿಸಲೇಬೇಕಾಗುತ್ತೆ ಅಂತ ಹೇಳಿಬಿಡುತ್ತಿದ್ದೆ. ಮಗುವಿನಿಂದ ಎಲ್ಲ ಹೇಳಿಸಿಕೊಂಡ ಮೇಲೆ ಈ ಮಾತು ಹೇಳುವುದು ನ್ಯಾಯ ಅಲ್ಲ.

ಎಸ್ಎಸ್ಎಲ್‌ಸಿ ಫಲಿತಾಂಶದ ದಿನಗಳಲ್ಲಿ ಕರೆಗಳ ಬಣ್ಣವೇ ಬೇರೆ. ಆಗ “ಸಾಯಬೇಕು ಅನ್ನಿಸ್ತಿದೆಯಾ?” ಅಂತ ನೇರವಾಗಿ ಕೇಳುತ್ತಿದ್ದೆ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅಂತ ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಮಗು ಅಳುತ್ತದೆ, ಆಮೇಲೆ ಮಾತಾಡುತ್ತದೆ. ಈಗ ಇದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಅಮ್ಮನಿಗೆ ಫೋನ್ ಮಾಡುವುದು ಬೇರೆಯೇ ಕೆಲಸ. ಮೊದಲ ಮಾತು “ನಿಮ್ಮ ಮಗ ಆರಾಮಾಗಿದ್ದಾನೆ.” ಅದಾದ ಮೇಲೆ ಅವರು ಅಳುವುದನ್ನೂ ಬೈಯುವುದನ್ನೂ ಪೂರ್ತಿ ಕೇಳಬೇಕು, ಅಲ್ವಾ? ರಾತ್ರಿಯೆಲ್ಲ ಬಸ್‌ಸ್ಟ್ಯಾಂಡ್ ಸುತ್ತಿ ಬಂದವರು ಅವರು. ಮಗುವನ್ನು ಮನೆಗೆ ಕಳಿಸಲು ಸಮಿತಿ ಒಪ್ಪಿದ ಮೇಲೆ ನಾನು ಅವರ ಹತ್ತಿರ ಎರಡು ಮಾತು ಕೇಳಿಕೊಳ್ಳುತ್ತಿದ್ದೆ. ಮನೆಗೆ ಹೋದ ದಿನ ನೆಂಟರನ್ನು ಕೂಡಿಸಿ ಬುದ್ಧಿ ಹೇಳಿಸಬೇಡಿ. ಶಾಲೆಯಲ್ಲಿ ಏನು ಹೇಳಬೇಕು ಅಂತ ಮಗುವನ್ನೇ ಕೇಳಿ ತೀರ್ಮಾನ ಮಾಡಿ. ಒಂದು ವಾರ ಬಿಟ್ಟು ಮತ್ತೆ ಫೋನ್ ಮಾಡುತ್ತೇನೆ, ಆಗ ಅಪ್ಪ ಅಮ್ಮ ಪಕ್ಕದಲ್ಲಿ ಇಲ್ಲದಾಗ ಮಗುವಿನ ಜೊತೆ ಮಾತಾಡಬೇಕು ಅಂತಲೂ ಹೇಳುತ್ತಿದ್ದೆ. ಹೆಚ್ಚಿನವರು ಒಪ್ಪುತ್ತಿದ್ದರು. ಒಪ್ಪದ ಮನೆಯ ವಿಳಾಸವನ್ನು ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಅವತ್ತೇ ಕೊಟ್ಟು, ಬೇಗ ಹೋಗಿ ನೋಡಿ ಬನ್ನಿ ಅಂತ ಕೇಳಿಕೊಳ್ಳುತ್ತಿದ್ದೆ.