ಓದುಗರ ಜೊತೆಗೂಡಿ ಸ್ಥಳೀಯ ಸುದ್ದಿ ಸಂಸ್ಥೆ ಕಟ್ಟುವ ಬಗೆ

ಸ್ಥಳೀಯ ಸುದ್ದಿ ಸಂಸ್ಥೆಯೊಂದನ್ನು ಆರಂಭಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಒಳ್ಳೆಯ ಹೆಸರೊಂದನ್ನು ಹುಡುಕುತ್ತಾರೆ, ಆಮೇಲೆ ಜಾಲತಾಣ ಮಾಡಿಸುತ್ತಾರೆ, ಕ್ಯಾಮೆರಾ ಕೊಳ್ಳುತ್ತಾರೆ, ಒಂದಷ್ಟು ತಿಂಗಳು ಉತ್ಸಾಹದಿಂದ ಸುದ್ದಿ ಪ್ರಕಟಿಸುತ್ತಾರೆ. ಇದನ್ನು ಓದುವವರು ಯಾರು, ಅವರು ಇದಕ್ಕೆ ಹಣ ಏಕೆ ಕೊಡಬೇಕು ಎಂಬ ಪ್ರಶ್ನೆ ಎದುರಾಗುವುದು ಕೈಯಲ್ಲಿದ್ದ ದುಡ್ಡು ಮುಗಿಯುತ್ತ ಬಂದಾಗ. ಈ ಕ್ರಮವನ್ನು ತಿರುಗಿಸಿ, ಓದುಗರಿಂದಲೇ ಆರಂಭಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಜಾಹೀರಾತನ್ನೇ ನಂಬಿ ಹೊರಡುವುದು ಏಕೆ ಸಾಧ್ಯವಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹಿಂದೆ ಸ್ಥಳೀಯ ವ್ಯಾಪಾರಿಗೆ ಸ್ಥಳೀಯ ಗಿರಾಕಿಯನ್ನು ತಲುಪಲು ಸ್ಥಳೀಯ ಪತ್ರಿಕೆಯೇ ಹತ್ತಿರದ ದಾರಿಯಾಗಿತ್ತು. ಇಂದು ಆ ಕೆಲಸವನ್ನು ಗೂಗಲ್ ಮತ್ತು ಫೇಸ್‌ಬುಕ್ ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತವೆ. ಅಂತರ್ಜಾಲದ ಜಾಹೀರಾತಿನಲ್ಲಿ ಹಣ ಬರುವುದು ವೀಕ್ಷಣೆಯ ಲೆಕ್ಕದಲ್ಲಿ. ಹತ್ತು ಸಾವಿರ ನಿಯತ ಓದುಗರೆಂದರೆ ಒಂದು ಸಣ್ಣ ಪಟ್ಟಣದ ಮಟ್ಟಿಗೆ ದೊಡ್ಡ ಸಂಖ್ಯೆ, ಜಾಹೀರಾತು ಜಾಲದ ಲೆಕ್ಕದಲ್ಲಿ ಅದು ಚಿಲ್ಲರೆ. ಹಾಗಾಗಿ ಸ್ಥಳೀಯ ಸಂಸ್ಥೆಗೆ ಉಳಿಯುವ ಮುಖ್ಯ ದಾರಿಯೆಂದರೆ, ಕೆಲವೇ ನೂರು ಅಥವಾ ಕೆಲವು ಸಾವಿರ ಜನ ತಿಂಗಳು ತಿಂಗಳು ಸ್ವಂತ ಜೇಬಿನಿಂದ ಸ್ವಲ್ಪ ಸ್ವಲ್ಪ ಕೊಡುವಂತಾಗುವುದು. ಸುದ್ದಿ ಎಲ್ಲೆಡೆ ಪುಕ್ಕಟೆ ಸಿಗುವ ಕಾಲದಲ್ಲಿ ಜನ ಸುದ್ದಿಗಾಗಿ ದುಡ್ಡು ಕೊಡುವುದು ವಿರಳ. ತಾವು ಕೇಳಿದ್ದಕ್ಕೆ ಉತ್ತರ ತಂದುಕೊಟ್ಟ ಸಂಸ್ಥೆ ಮುಚ್ಚಿಹೋಗಬಾರದು ಎಂಬ ಕಾರಣಕ್ಕೆ ಅವರು ಕೊಡುತ್ತಾರೆ. ಮುಂದೆ ಹೇಳುವ ಎಲ್ಲ ಕೆಲಸಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಪ್ರಕಟಣೆಗೆ ಮೊದಲು ಕೇಳುವ ಕೆಲಸ

ಮೊದಲ ಎರಡು ಮೂರು ತಿಂಗಳು ಏನನ್ನೂ ಪ್ರಕಟಿಸದೆ ಜನರನ್ನು ಮಾತನಾಡಿಸುವುದಕ್ಕೆ ಮೀಸಲಿಡಿ. ಐವತ್ತು ಅರವತ್ತು ಜನರ ಜೊತೆ ತಲಾ ಅರ್ಧ ಗಂಟೆ ಕುಳಿತರೆ ಸಾಕು, ಆದರೆ ಅವರೆಲ್ಲ ನಿಮ್ಮ ಪರಿಚಯದವರೇ ಆಗಿರಬಾರದು. ಬಾಡಿಗೆ ಮನೆಯವರು, ಸಣ್ಣ ಅಂಗಡಿಯವರು, ಪಾಳಿಯಲ್ಲಿ ದುಡಿಯುವವರು, ಶಾಲಾ ಮಕ್ಕಳ ಪೋಷಕರು, ಹೊರಗಿನಿಂದ ಬಂದು ನೆಲೆಸಿದವರು ಹೀಗೆ ಒಂದು ಪಟ್ಟಿ ಮಾಡಿ, ಯಾವ ಗುಂಪಿನಿಂದ ಇನ್ನೂ ಯಾರೂ ಸಿಕ್ಕಿಲ್ಲ ಎಂಬುದನ್ನು ವಾರಕ್ಕೊಮ್ಮೆ ನೋಡಿಕೊಳ್ಳಿ.

‘ನಿಮಗೆ ಯಾವ ಬಗೆಯ ಸುದ್ದಿ ಬೇಕು?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಸಭ್ಯವಾದ ಉತ್ತರವನ್ನೇ ಕೊಡುತ್ತಾರೆ: ಅಭಿವೃದ್ಧಿ ಬೇಕು, ಸಕಾರಾತ್ಮಕ ಸುದ್ದಿ ಬೇಕು, ಶಿಕ್ಷಣದ ಬಗ್ಗೆ ಬೇಕು. ಅದರ ಬದಲು, ‘ಕಳೆದ ತಿಂಗಳು ಯಾವ ವಿಷಯ ತಿಳಿದುಕೊಳ್ಳಲು ನೀವು ಅಲೆದಿರಿ? ಯಾರನ್ನು ಕೇಳಿದಿರಿ? ಉತ್ತರ ಸಿಗದೆ ಏನು ನಷ್ಟವಾಯಿತು?’ ಎಂದು ಕೇಳಿ. ನೋಟುಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿ, ಪ್ರಶ್ನೆ, ಕೇಳಿದವರು, ಅವರು ಹಿಂದೆ ಹೋದ ಜಾಗ, ಅಲ್ಲಿ ಸಿಕ್ಕ ಉತ್ತರ ಎಂದು ಬರೆಯುತ್ತ ಹೋದರೆ, ನಲವತ್ತು ನಮೂದುಗಳಾಗುವ ಹೊತ್ತಿಗೆ ಐದಾರು ವಿಷಯಗಳು ಪದೇಪದೇ ಕಾಣಿಸತೊಡಗುತ್ತವೆ. ನಿಮ್ಮ ಮೊದಲ ವರ್ಷದ ಸುದ್ದಿಯ ಯೋಜನೆ ಅದೇ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 2016ರಲ್ಲಿ ಆರಂಭವಾದ ಔಟ್‌ಲಯರ್ ಮೀಡಿಯಾ ಎಂಬ ಸುದ್ದಿ ಸಂಸ್ಥೆ ಇದನ್ನು ಇನ್ನೂ ಬಿಗಿಯಾಗಿ ಮಾಡಿತು. ಜನ ನೆರವು ಕೇಳಿ ಸಹಾಯವಾಣಿಗೆ ಮಾಡಿದ ಕರೆಗಳ ಮಾಹಿತಿಯನ್ನು ಪರಿಶೀಲಿಸಿ, ವಸತಿಯ ಸಮಸ್ಯೆ ದೊಡ್ಡದು ಎಂಬುದನ್ನು ಕಂಡುಕೊಂಡು, ವಿಳಾಸವೊಂದನ್ನು ಮೊಬೈಲ್ ಸಂದೇಶದಲ್ಲಿ ಕಳುಹಿಸಿದರೆ ಆ ಮನೆಯ ಮಾಲೀಕತ್ವ ಮತ್ತು ತೆರಿಗೆ ಬಾಕಿಯ ವಿವರ ಬರುವಂತೆ ಏರ್ಪಾಡು ಮಾಡಿತು. ಉದ್ದದ ಲೇಖನಗಳು ಆಮೇಲೆ ಬಂದವು. ಸುದ್ದಿ ಎಂದರೆ ಲೇಖನವೇ ಆಗಿರಬೇಕು ಎಂಬ ನಮ್ಮ ಪತ್ರಕರ್ತರ ಅಭ್ಯಾಸವನ್ನು ಸ್ವಲ್ಪ ಸಡಿಲಿಸಿಕೊಳ್ಳುವುದು ಒಳ್ಳೆಯದು.

ಒಂದು ಪ್ರಶ್ನೆಯ ಬೆನ್ನು ಹತ್ತಿ

ಓದುಗರೊಬ್ಬರು, ‘ನಮ್ಮ ಬೀದಿಯ ಚರಂಡಿ ಕಾಮಗಾರಿ ಅರ್ಧಕ್ಕೆ ನಿಂತಿದೆ, ಯಾರನ್ನು ಕೇಳಬೇಕೋ ತಿಳಿಯುತ್ತಿಲ್ಲ’ ಎಂದು ಬರೆದರು ಎಂದಿಟ್ಟುಕೊಳ್ಳಿ. ಇದನ್ನು ಹಾಗೆಯೇ ಪ್ರಕಟಿಸಿ, ‘ಸಾರ್ವಜನಿಕರ ಆಕ್ರೋಶ’ ಎಂಬ ತಲೆಬರಹ ಕೊಟ್ಟರೆ ಅದು ದೂರಾಗುತ್ತದೆ, ವರದಿಯಾಗುವುದಿಲ್ಲ. ಪ್ರಶ್ನೆಯನ್ನು ಬಿಡಿಸಿ ನೋಡಬೇಕು. ಗುತ್ತಿಗೆ ಪಡೆದವರು ಯಾರು, ಕಾರ್ಯಾದೇಶದಲ್ಲಿ ಮುಗಿಸಬೇಕಾದ ದಿನಾಂಕ ಯಾವುದು, ಇಲ್ಲಿಯವರೆಗೆ ಎಷ್ಟು ಬಿಲ್ ಪಾವತಿಯಾಗಿದೆ, ಅಳತೆ ಮಾಡಿ ಸಹಿ ಹಾಕಿದ ಎಂಜಿನಿಯರ್ ಯಾರು, ನಿಲ್ಲಿಸಲು ಲಿಖಿತ ಕಾರಣವಿದೆಯೇ? ಈ ಐದು ಪ್ರಶ್ನೆಗಳಲ್ಲಿ ಮೂರಕ್ಕಾದರೂ ಕಚೇರಿಯ ದಾಖಲೆಯಲ್ಲೇ ಉತ್ತರವಿರುತ್ತದೆ. ದಾಖಲೆ ನೋಡಲು ಹೋಗುವಾಗ, ಪ್ರಶ್ನೆ ಕೇಳಿದವರಿಗೆ ಒಪ್ಪಿಗೆಯಿದ್ದರೆ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಜೊತೆಗೆ ಕರೆದೊಯ್ಯುವ ಈ ಪದ್ಧತಿಯನ್ನು ಶಿಕಾಗೊದ ಡಬ್ಲ್ಯುಬಿಇಝಡ್ ಎಂಬ ಸಾರ್ವಜನಿಕ ರೇಡಿಯೊದಲ್ಲಿ 2012ರಲ್ಲಿ ಜೆನಿಫರ್ ಬ್ರ್ಯಾಂಡೆಲ್ ಆರಂಭಿಸಿದ ‘ಕ್ಯೂರಿಯಸ್ ಸಿಟಿ’ ಕಾರ್ಯಕ್ರಮ ಚೆನ್ನಾಗಿ ರೂಢಿಸಿತು. ಕೇಳುಗರು ಪ್ರಶ್ನೆ ಕಳುಹಿಸುತ್ತಾರೆ, ಯಾವುದನ್ನು ತನಿಖೆ ಮಾಡಬೇಕೆಂದು ಕೇಳುಗರೇ ಮತ ಹಾಕುತ್ತಾರೆ, ಆಯ್ಕೆಯಾದ ಪ್ರಶ್ನೆ ಕೇಳಿದವರು ಸಾಧ್ಯವಾದರೆ ವರದಿಗಾರರ ಜೊತೆ ಹೋಗುತ್ತಾರೆ. ಇದರಿಂದ ಇನ್ನೊಂದು ಲಾಭವೂ ಉಂಟು: ಒಂದು ದಾಖಲೆ ಪಡೆಯಲು ಎಷ್ಟು ಸಲ ಮೆಟ್ಟಿಲು ಹತ್ತಬೇಕು ಎಂಬುದನ್ನು ಕಣ್ಣಾರೆ ಕಂಡವರಿಗೆ, ಪತ್ರಿಕೋದ್ಯಮಕ್ಕೆ ಏಕೆ ಖರ್ಚು ತಗಲುತ್ತದೆ ಎಂದು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ವರದಿ ಪ್ರಕಟವಾದ ದಿನ ಪ್ರಶ್ನೆ ಕೇಳಿದವರಿಗೆ ಫೋನ್ ಮಾಡಿ ತಿಳಿಸಿ. ಬಹುತೇಕ ಸುದ್ದಿಮನೆಗಳು ಬಿಟ್ಟುಬಿಡುವ ಕೆಲಸ ಇದು. ಉತ್ತರ ಸಿಗದಿದ್ದರೂ, ಯಾವ ಕಚೇರಿಗೆ ಯಾವ ದಿನ ಅರ್ಜಿ ಹಾಕಿದ್ದೇವೆ ಎಂಬುದನ್ನಾದರೂ ಹೇಳಿ. ಮೌನವಾಗಿದ್ದರೆ, ಮುಂದಿನ ಪ್ರಶ್ನೆ ನಿಮ್ಮ ಬಳಿಗೆ ಬರುವುದಿಲ್ಲ.

ಯಾರ ಕೈಯಲ್ಲಿ ಬರೆಸಬೇಕು

ಮೂರು ನಾಲ್ಕು ಜನರ ಸಂಸ್ಥೆ ಎಲ್ಲ ಸಭೆಗಳಿಗೂ ಹೋಗಲಾರದು. ಶಿಕಾಗೊದ ಸಿಟಿ ಬ್ಯೂರೊ ಎಂಬ ಸಂಸ್ಥೆ ನಿವಾಸಿಗಳಿಗೆ ತರಬೇತಿ ಕೊಟ್ಟು, ಸಂಭಾವನೆಯನ್ನೂ ಕೊಟ್ಟು ಸಾರ್ವಜನಿಕ ಸಭೆಗಳಿಗೆ ಕಳುಹಿಸುತ್ತದೆ. ‘ಡಾಕ್ಯುಮೆಂಟರ್ಸ್’ ಎಂಬ ಹೆಸರಿನ ಈ ಪದ್ಧತಿ ಬೇರೆ ನಗರಗಳಿಗೂ ಹಬ್ಬಿದೆ. ಇಲ್ಲಿ ಸಂಭಾವನೆ ಎಂಬ ಮಾತಿಗೆ ಒತ್ತು ಕೊಡಬೇಕು. ಪುಕ್ಕಟೆಯಾಗಿ ಬರುವವರು ಮೊದಲ ತಿಂಗಳು ಹುರುಪಿನಿಂದ ಬರುತ್ತಾರೆ, ಮೂರನೆಯ ತಿಂಗಳು ಫೋನ್ ತೆಗೆಯುವುದಿಲ್ಲ, ಮತ್ತು ಕೊನೆಗೆ ಉಳಿಯುವವರು ಬಿಡುವೂ ದುಡ್ಡೂ ಇರುವವರು ಮಾತ್ರ. ಅರ್ಧ ದಿನದ ತರಬೇತಿ ಸಾಕಾಗುತ್ತದೆ: ಯಾರು ಏನು ಹೇಳಿದರು, ಯಾವ ನಿರ್ಣಯಕ್ಕೆ ಯಾರು ಒಪ್ಪಿದರು, ಯಾರು ವಿರೋಧಿಸಿದರು, ಎಷ್ಟು ಮೊತ್ತಕ್ಕೆ ಮಂಜೂರಾತಿಯಾಯಿತು, ಸರಿಯಾಗಿ ಕೇಳಿಸದ್ದನ್ನು ‘ಕೇಳಿಸಲಿಲ್ಲ’ ಎಂದೇ ಬರೆಯುವುದು ಹೇಗೆ. ಅಭಿಪ್ರಾಯ ಬೇಡ. ಅವರು ತಂದ ಟಿಪ್ಪಣಿಯನ್ನು ಸಂಪಾದಕರು ಸಭೆಯ ಕಾರ್ಯಸೂಚಿಯ ಜೊತೆ ಹೋಲಿಸಿ ನೋಡಿದ ಮೇಲೆಯೇ ಪ್ರಕಟಿಸಬೇಕು.

ಕಾಯಂ ವರದಿಗಾರರನ್ನು ಆರಿಸುವಾಗ ಪದವಿಗಿಂತ, ಅವರು ಯಾರ ನಡುವೆ ಬದುಕುತ್ತಾರೆ ಎಂಬುದನ್ನು ನೋಡುವುದು ಮೇಲು. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಆರಂಭವಾದ ಖಬರ್ ಲಹರಿಯಾ ಪತ್ರಿಕೆಯನ್ನು ಗ್ರಾಮೀಣ ಮಹಿಳೆಯರು, ಅದರಲ್ಲೂ ದಲಿತ ಮಹಿಳೆಯರು, ತಮ್ಮ ಆಡುನುಡಿಯಾದ ಬುಂದೇಲಿಯಲ್ಲಿ ತಂದರು. ಬರವಣಿಗೆಯನ್ನು ಕಲಿಸಬಹುದು, ಪರಿಚಯದ ಬಾಗಿಲುಗಳನ್ನು ಕಲಿಸಿಕೊಡಲಾಗುವುದಿಲ್ಲ.

ಹಣದ ಲೆಕ್ಕ

ಚಂದಾದಾರ ಮತ್ತು ಸದಸ್ಯ ಎಂಬ ಎರಡು ಪದಗಳನ್ನು ಬೆರೆಸಬೇಡಿ. ಚಂದಾದಾರ ಹಣ ಕೊಟ್ಟು ಓದುವ ಹಕ್ಕನ್ನು ಪಡೆಯುತ್ತಾನೆ. ಸದಸ್ಯ ಹಣ ಕೊಟ್ಟು, ಆ ಸುದ್ದಿ ಹಣ ಕೊಡಲಾಗದವರಿಗೂ ತಲುಪುವಂತೆ ಮಾಡುತ್ತಾನೆ, ಮತ್ತು ಪ್ರತಿಯಾಗಿ ಸಂಸ್ಥೆಯ ನಿರ್ಧಾರಗಳಲ್ಲಿ ತನಗೊಂದು ಮಾತಿರಬೇಕೆಂದು ನಿರೀಕ್ಷಿಸುತ್ತಾನೆ. ಸ್ಥಳೀಯ ಸಂಸ್ಥೆಗೆ ಸದಸ್ಯತ್ವವೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರವಾಹದ ಎಚ್ಚರಿಕೆಯನ್ನೋ ಮತದಾನದ ಮಾಹಿತಿಯನ್ನೋ ಬೀಗದ ಹಿಂದೆ ಇಟ್ಟ ಸಂಸ್ಥೆ ‘ನಾವು ನಿಮ್ಮವರು’ ಎಂದು ಹೇಳಿಕೊಳ್ಳುವುದು ಕಷ್ಟ.

ಸದಸ್ಯರನ್ನು ಸೇರಿಸುವುದಕ್ಕಿಂತ ಉಳಿಸಿಕೊಳ್ಳುವುದು ಮುಖ್ಯ ಎಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ನಿಮ್ಮಲ್ಲಿ 600 ಸದಸ್ಯರಿದ್ದು ತಿಂಗಳಿಗೆ ಶೇ 5ರಷ್ಟು ಜನ ಬಿಟ್ಟುಹೋದರೆ, ವರ್ಷದ ಕೊನೆಗೆ ಅವರಲ್ಲಿ ಉಳಿಯುವವರು ಸುಮಾರು 324 ಮಂದಿ. ಬಿಟ್ಟುಹೋಗುವವರ ಪ್ರಮಾಣವನ್ನು ಶೇ 2ಕ್ಕೆ ಇಳಿಸಿದರೆ ಸುಮಾರು 470 ಮಂದಿ ಉಳಿಯುತ್ತಾರೆ. ಈ 146 ಜನರ ವ್ಯತ್ಯಾಸವನ್ನು ಹೊಸಬರಿಂದ ತುಂಬಿಕೊಳ್ಳಲು ಬೇಕಾಗುವ ಶ್ರಮಕ್ಕೆ ಹೋಲಿಸಿದರೆ, ಬಿಟ್ಟುಹೋದ ಪ್ರತಿಯೊಬ್ಬರಿಗೂ ಫೋನ್ ಮಾಡಿ ಕಾರಣ ಕೇಳುವುದು ಹಗುರದ ಕೆಲಸ. ಬ್ಯಾಂಕ್ ಕಾರ್ಡಿನ ಅವಧಿ ಮುಗಿದದ್ದೇ ಕಾರಣ ಎಂದು ತಿಳಿದು ಸಮಾಧಾನಪಡುವ ಸಂದರ್ಭಗಳೂ ಇರುತ್ತವೆ.

ಸದಸ್ಯತ್ವದ ಜೊತೆಗೆ ಸ್ಥಳೀಯ ಜಾಹೀರಾತು, ದತ್ತಿ ಸಂಸ್ಥೆಗಳ ಅನುದಾನ, ತರಬೇತಿ ಕಾರ್ಯಾಗಾರ, ಸಂವಾದ ಸಭೆ ಇವೆಲ್ಲ ಇರಲಿ, ಆದರೆ ಒಂದೇ ಮೂಲದಿಂದ ಬರುವ ಹಣ ಒಟ್ಟು ಆದಾಯದ ಮೂರನೆಯ ಒಂದು ಭಾಗವನ್ನು ದಾಟದಿರಲಿ. ಸದಸ್ಯರ ಹಣವೊಂದೇ ಇದಕ್ಕೆ ಅಪವಾದ. ಮೂರು ವರ್ಷದ ಅನುದಾನ ಸಿಕ್ಕಾಗ ಆರು ಜನರನ್ನು ನೇಮಿಸಿಕೊಂಡು ನಾಲ್ಕನೆಯ ವರ್ಷ ಬಾಗಿಲು ಹಾಕುವುದು ತೀರ ಸಾಮಾನ್ಯವಾದ ತಪ್ಪು. ಅನುದಾನದ ಒಂದು ಪಾಲು ಮೊದಲ ದಿನದಿಂದಲೇ ಸದಸ್ಯತ್ವ ನೋಡಿಕೊಳ್ಳುವವರ ಸಂಬಳಕ್ಕೆ ಹೋಗಬೇಕು.

ಹಣ ಕೇಳುವಾಗ ಆಡಿದ ಮಾತನ್ನು ತೂಗಿ ನೋಡಬೇಕು. ನೆದರ್ಲೆಂಡ್ಸಿನ ಡಿ ಕರೆಸ್ಪಾಂಡೆಂಟ್ ಎಂಬ ಸುದ್ದಿ ಜಾಲತಾಣ 2013ರಲ್ಲಿ ಒಂದು ಸುದ್ದಿಯನ್ನೂ ಪ್ರಕಟಿಸುವ ಮೊದಲೇ ಎಂಟು ದಿನಗಳಲ್ಲಿ ಜನರಿಂದ ಹತ್ತು ಲಕ್ಷ ಯೂರೊ ಸಂಗ್ರಹಿಸಿತು. ಅದೇ ಬಳಗ ಇಂಗ್ಲಿಷ್ ಆವೃತ್ತಿಗಾಗಿ 2018ರಲ್ಲಿ 45,000ಕ್ಕೂ ಹೆಚ್ಚು ಜನರಿಂದ 26 ಲಕ್ಷ ಡಾಲರ್ ಪಡೆಯಿತು. ಅಮೆರಿಕದಲ್ಲೇ ಸುದ್ದಿಮನೆ ತೆರೆಯುತ್ತಾರೆ ಎಂದು ಅನೇಕ ಸದಸ್ಯರು ಭಾವಿಸಿದ್ದರು. ಹಾಗಿಲ್ಲ ಎಂದು ಗೊತ್ತಾದಾಗ ಅಸಮಾಧಾನ ಎದ್ದಿತು. ಹಣಕಾಸಿನ ತೊಂದರೆಯ ನಡುವೆ 2020ರ ಕೊನೆಗೆ ಆ ಆವೃತ್ತಿ ಮುಚ್ಚಿತು. ಮುಚ್ಚಲು ಅದೊಂದೇ ಕಾರಣವಲ್ಲದಿದ್ದರೂ, ಎಲ್ಲಿ ಕಚೇರಿ, ಎಷ್ಟು ವರದಿಗಾರರು, ಯಾವಾಗ ಆರಂಭ ಎಂಬುದನ್ನು ಹಣ ಕೇಳುವ ಪುಟದಲ್ಲೇ ಸ್ಪಷ್ಟವಾಗಿ ಬರೆಯುವುದು ಎಷ್ಟು ಅಗತ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಸ್ವಾತಂತ್ರ್ಯ ಯಾರಿಂದ

ಜಾಹೀರಾತುದಾರರಿಂದ, ರಾಜಕಾರಣಿಗಳಿಂದ ದೂರವಿರಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಹಾಗಾಗಿ ಅದನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ: ದೊಡ್ಡ ದೇಣಿಗೆ ಕೊಟ್ಟವರ ಹೆಸರನ್ನು ಪ್ರಕಟಿಸಿ, ಪ್ರಕಟಣೆಗೆ ಮೊದಲು ವರದಿಯನ್ನು ಅವರಿಗೆ ತೋರಿಸಬೇಡಿ, ಜಾಹೀರಾತಿನ ಮೇಲೆ ‘ಜಾಹೀರಾತು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ, ಅಭ್ಯರ್ಥಿಗಳಿಂದ ಚುನಾವಣೆಯ ಕಾಲದಲ್ಲಿ ಯಾವ ರೂಪದ ಹಣವನ್ನೂ ತೆಗೆದುಕೊಳ್ಳಬೇಡಿ.

ಕಡಿಮೆ ಚರ್ಚೆಯಾಗುವ ಅಪಾಯ ಸದಸ್ಯರಿಂದಲೇ ಬರುತ್ತದೆ. ಪ್ರತಿಭಟನೆಯೊಂದನ್ನು ಬೆಂಬಲಿಸುವ ಇನ್ನೂರು ಸದಸ್ಯರಿದ್ದು, ಆ ಪ್ರತಿಭಟನೆಯ ಹಣಕಾಸಿನಲ್ಲಿ ಲೋಪವಿದೆ ಎಂದು ನಿಮ್ಮ ವರದಿಗಾರರು ಕಂಡುಕೊಂಡರೆ ಏನು ಮಾಡುತ್ತೀರಿ? ಇದಕ್ಕೆ ಉತ್ತರವನ್ನು ಆ ದಿನ ಬರುವ ಮೊದಲೇ ಬರೆದಿಟ್ಟಿರಬೇಕು. ಯಾವ ವಿಷಯಕ್ಕೆ ಆದ್ಯತೆ ಕೊಡಬೇಕು ಎಂಬುದನ್ನು ಸದಸ್ಯರು ಹೇಳಬಹುದು, ವರದಿ ಯಾವ ತೀರ್ಮಾನಕ್ಕೆ ಬರಬೇಕು ಎಂಬುದನ್ನು ಹೇಳುವಂತಿಲ್ಲ ಎಂಬ ಒಂದು ವಾಕ್ಯ ಸದಸ್ಯತ್ವದ ಅರ್ಜಿಯಲ್ಲೇ ಇರಲಿ. 2014ರಲ್ಲಿ ಆರಂಭವಾದ ಬ್ರಿಟನ್ನಿನ ಬ್ರಿಸ್ಟಲ್ ಕೇಬಲ್ ಸದಸ್ಯರೇ ಒಡೆಯರಾಗಿರುವ ಸಹಕಾರಿ ಸಂಸ್ಥೆ. ಅಲ್ಲಿ ಕೊಡುವ ಹಣ ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಬರ್ಲಿನ್ನಿನ ಟಾಟ್ಸ್ ಪತ್ರಿಕೆ 1992ರಲ್ಲಿ ಆರ್ಥಿಕ ಮುಗ್ಗಟ್ಟಿನ ನಡುವೆ ಸಹಕಾರ ಸಂಘವಾಗಿ ಬದಲಾಗಿ ಉಳಿದುಕೊಂಡಿತು. ಸಹಕಾರ ಸಂಘವೋ, ಟ್ರಸ್ಟೋ, ಕಂಪನಿಯೋ ಎಂಬುದನ್ನು ನಿಮ್ಮ ಕಾನೂನಿಗೆ ತಕ್ಕಂತೆ ವಕೀಲರು ಹೇಳಲಿ. ಸಂಪಾದಕರನ್ನು ಯಾರು ನೇಮಿಸಬಹುದು, ಯಾರು ತೆಗೆಯಬಹುದು ಎಂಬ ವಿಧಿಯನ್ನು ಮಾತ್ರ ನೀವೇ ಕುಳಿತು ಓದಿ. ಅದೇ ವಕೀಲರಿಂದ ಮಾನನಷ್ಟ ಮೊಕದ್ದಮೆಯ ಬಗ್ಗೆಯೂ ಮುಂಚಿತವಾಗಿ ಸಲಹೆ ಪಡೆದುಕೊಳ್ಳಿ.

ತಪ್ಪಾದಾಗ ತಿದ್ದುಪಡಿಯನ್ನು ಅದೇ ವರದಿಯ ತಲೆಯಲ್ಲಿ, ದಿನಾಂಕದ ಸಮೇತ ಹಾಕಿ. ಸದ್ದಿಲ್ಲದೆ ತಿದ್ದಿದ್ದನ್ನು ಯಾರಾದರೂ ಒಬ್ಬರು ಸ್ಕ್ರೀನ್‌ಶಾಟ್ ತೆಗೆದಿಟ್ಟೇ ಇರುತ್ತಾರೆ.

ಏನನ್ನು ಎಣಿಸಬೇಕು

ಪ್ರತಿ ತಿಂಗಳು ಬಂದ ಪ್ರಶ್ನೆಗಳೆಷ್ಟು, ಉತ್ತರಿಸಿದ್ದು ಎಷ್ಟು, ವಾರಕ್ಕೆ ಮೂರು ಸಲವಾದರೂ ಬರುವ ಓದುಗರೆಷ್ಟು, ಹೊಸದಾಗಿ ಸೇರಿದವರು ಮತ್ತು ಬಿಟ್ಟವರು ಎಷ್ಟು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿ. ಒಂದು ಅಪಘಾತದ ವಿಡಿಯೊ ತಂದುಕೊಟ್ಟ ಎರಡು ಲಕ್ಷ ವೀಕ್ಷಣೆಗಳನ್ನು ಆ ಹಾಳೆಗೆ ಸೇರಿಸಬೇಡಿ. ಆ ನೋಡುಗರು ಮರುದಿನ ಬರುವವರಲ್ಲ. ವರ್ಷಕ್ಕೊಮ್ಮೆ ಆದಾಯ ಮತ್ತು ಖರ್ಚಿನ ಲೆಕ್ಕವನ್ನು ಸದಸ್ಯರ ಮುಂದಿಟ್ಟು, ಅದೇ ಸಭೆಯಲ್ಲಿ ಸಂಪಾದಕರು ಪ್ರಶ್ನೆಗಳಿಗೆ ಎದುರಾಗಿ ಉತ್ತರಿಸಲಿ.

ಸಣ್ಣ ಸಂಸ್ಥೆಗಳು ಹಣವಿಲ್ಲದೆ ಮುಚ್ಚುವಂತೆಯೇ ಸ್ಥಾಪಕರು ಸೋತು ಸುಣ್ಣವಾಗಿಯೂ ಮುಚ್ಚುತ್ತವೆ. ಆದ್ದರಿಂದ ಸ್ಥಾಪಕರ ಸಂಬಳವನ್ನು, ಎಷ್ಟೇ ಚಿಕ್ಕದಿರಲಿ, ಮೊದಲ ತಿಂಗಳ ಬಜೆಟ್ಟಿನಲ್ಲೇ ಬರೆಯಿರಿ, ವಾರಕ್ಕೊಂದು ದಿನ ರಜೆಯನ್ನೂ ಬರೆಯಿರಿ. ಪ್ರಶ್ನೆ ಕೇಳಿದವರ, ಮಾಹಿತಿ ಕೊಟ್ಟವರ, ಸದಸ್ಯರ ಸಂಪರ್ಕವೆಲ್ಲ ಒಬ್ಬರ ಮೊಬೈಲಿನಲ್ಲಿ ಉಳಿಯದೆ ಸಂಸ್ಥೆಯ ದಾಖಲೆಯಲ್ಲಿರಲಿ. ಗುಟ್ಟಾಗಿ ಮಾಹಿತಿ ಕೊಟ್ಟವರ ವಿವರವನ್ನು ಪ್ರತ್ಯೇಕವಾಗಿ, ಇಬ್ಬರಿಗೆ ಮಾತ್ರ ತೆರೆಯುವಂತೆ ಇಡಿ. ಆಗ ಸ್ಥಾಪಕರು ಒಂದು ತಿಂಗಳು ಹಾಸಿಗೆ ಹಿಡಿದರೂ, ಚರಂಡಿಯ ಬಗ್ಗೆ ಕೇಳಿದವರಿಗೆ ಉತ್ತರ ಹೇಳಲು ಇನ್ನೊಬ್ಬರು ಇರುತ್ತಾರೆ.